ಕೈಮೇಸ್ತ್ರಿಯ ವಾಕಿಟಾಕಿ

"ಆ ಹದಿನೆಂಟು ಅಂತಸ್ತಿನ ಕಟ್ಟಡದಲ್ಲಿ ಮುನ್ನೂರು ಜನ ಕೆಲಸ ಮಾಡ್ತಿದ್ರು. ಅಷ್ಟೂ ಜನರಲ್ಲಿ ನನ್ನಷ್ಟು ದೊಡ್ಡ ಪೆದ್ದ ಇನ್ನೊಬ್ಬ ಇರಲಿಲ್ಲ." ಕೈಮೇಸ್ತ್ರಿ ಈ ಕಥೆಯನ್ನು ಯಾವಾಗಲೂ ಹೀಗೇ ಶುರು ಮಾಡುತ್ತಾನೆ. ಹೇಳಿ ಒಂದು ಕ್ಷಣ ಸುಮ್ಮನಿರುತ್ತಾನೆ, ಯಾರಾದರೂ "ಛೆ ಛೆ, ಹಾಗ್ಯಾಕಂತೀರಿ" ಎನ್ನಲಿ ಎಂದು. ಯಾರೂ ಅನ್ನುವುದಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಮುಂದುವರಿಸುತ್ತಾನೆ.

ಕೈಮೇಸ್ತ್ರಿ ಎನ್ನುವುದು ಕೆಲಸದವರು ಇಟ್ಟ ಹೆಸರು. ಅವನ ಕೆಲಸವೆಲ್ಲ ಕೈಯಲ್ಲೇ. ಕಟ್ಟಡದ ನೆತ್ತಿಯನ್ನೂ ದಾಟಿ ನಿಂತ ಕ್ರೇನು, ಅದರ ಮೇಲಿನ ಗಾಜಿನ ಗೂಡಿನಲ್ಲಿ ಕೂತು ಅದನ್ನು ನಡೆಸುವ ಆಪರೇಟರ್, ಕೆಳಗೆ ಅಂಗಳದಲ್ಲಿ ನಿಂತು ಅವನಿಗೆ ಸನ್ನೆ ಮಾಡುವ ಇವನು. ತೋರುಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತು ಎಂದರ್ಥ, ಕೆಳಗೆ ಮಾಡಿ ಸುತ್ತಿಸಿದರೆ ಇಳಿಸು, ಮುಷ್ಟಿ ಬಿಗಿದರೆ ನಿಲ್ಲಿಸು. ಮೂವತ್ತು ವರ್ಷ ಇದನ್ನೇ ಮಾಡಿದವನು. ಇಳಿಸುವಾಗ ಸರಕು ನೆಲಕ್ಕೆ ಕೂರುವ ತನಕ ಇವನ ಬೆರಳು ನಿಲ್ಲುತ್ತಿರಲಿಲ್ಲ. ಮೂಗಿನ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಅವನ ಜಂಬ ಸುಳ್ಳಲ್ಲ.

ಆ ಗಾಜಿನ ಗೂಡಿನಲ್ಲಿ ಕೂತಿದ್ದವನು ಬೇರೆ ಯಾರೂ ಅಲ್ಲ, ಇವನ ಸ್ವಂತ ಅಳಿಯ. ಇರುವ ಒಬ್ಬಳೇ ಮಗಳ ಗಂಡ. ಇಬ್ಬರಿಗೂ ಮಾತಿರಲಿಲ್ಲ.

ಮಗಳು ಬಂದು "ಇವರನ್ನ ಮದುವೆ ಆಗ್ತೀನಿ" ಎಂದ ದಿನ ಕೈಮೇಸ್ತ್ರಿ ಮನೆಯ ಚಾವಣಿ ಹಾರಿಹೋಗುವಂತೆ ಕೂಗಾಡಿದ್ದ. "ಮೂವತ್ತು ವರ್ಷ ಕ್ರೇನಿನ ಕೆಳಗೆ ನಿಂತಿದೀನಿ. ಮೇಲಿಂದ ಏನೇನು ಬೀಳುತ್ತೆ ಅಂತ ಕಣ್ಣಾರೆ ನೋಡಿದೀನಿ. ಆಕಾಶದಲ್ಲಿ ಜೋತಾಡೋನಿಗೆ ಮಗಳನ್ನ ಕೊಡಲ್ಲ!" ಮಗಳೂ ಅವನ ಮಗಳೇ ತಾನೆ, ರಿಜಿಸ್ಟರ್ ಕಚೇರಿಗೆ ಹೋಗಿ ಸಹಿ ಹಾಕಿ ಬಂದಳು. "ಇನ್ನು ನಾನಾಗಿ ನಿನ್ನನ್ನ ಮಾತಾಡಿಸಲ್ಲ, ನೀನೂ ಮಾತಾಡಿಸಬೇಡ" ಎಂದು ಬಾಗಿಲಲ್ಲಿ ನಿಂತು ಹೇಳಿ, ಹೇಳಿದ ಮರುಗಳಿಗೆಗೇ ನಾಲಿಗೆ ಕಚ್ಚಿಕೊಂಡ. ಆದರೆ ಆಡಿದ್ದಾಗಿತ್ತು. ವಾಪಸ್ ತೆಗೆದುಕೊಳ್ಳಲು ಮೀಸೆ ಅಡ್ಡ ಬಂತು. ಮೀಸೆ ಎಂದರೆ ಅದೂ ಏನು, ನಾಲ್ಕು ಕೂದಲು.

ವರ್ಷ ಕಳೆದ ಮೇಲೆ ಕಂಪನಿಯವರು ಇದೇ ಕಟ್ಟಡದ ಕ್ರೇನಿಗೆ ಅದೇ ಅಳಿಯನನ್ನು ಹಾಕಿದರು. ಬೇರೆ ಕಡೆ ಹಾಕಿ ಎಂದು ಕೈಮೇಸ್ತ್ರಿ ಕೇಳಬಹುದಿತ್ತು. ಕೇಳಲಿಲ್ಲ. "ಬೇರೆ ಯಾವನೋ ಬಂದು ತಪ್ಪು ಸನ್ನೆ ಮಾಡಿಬಿಟ್ರೆ?" ಎಂದು ಹೆಂಡತಿಗೆ ಹೇಳಿದ. "ಅಳಿಯನ ಮೇಲೆ ಅಷ್ಟು ಕಾಳಜಿ ಇದ್ರೆ ಬಾಯಿಬಿಟ್ಟು ಮಾತಾಡಬಾರದೇನ್ರೀ?" ಎಂದಳು ಅವಳು. "ಕಾಳಜಿ ಯಾರಿಗೆ? ಕ್ರೇನಿಗೆ ಏನಾದ್ರೂ ಆದ್ರೆ ಅಂತ" ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಹಾಗೆ ಹದಿನಾಲ್ಕು ತಿಂಗಳು ನಡೆಯಿತು. ಅಳಿಯ ಬೆಳಿಗ್ಗೆ ಇವನು ಬರುವ ಮುಂಚೆ ಏಣಿ ಹತ್ತುತ್ತಿದ್ದ, ಊಟ ಮೇಲೆಯೇ, ಇವನು ಹೊರಟ ಮೇಲೆ ಇಳಿಯುತ್ತಿದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡಲಿಲ್ಲ. ದಿನವಿಡೀ ಇವನು ಬೆರಳು ಸುತ್ತಿಸುವುದು, ಅವನು ಕೇಳುವುದು. "ನನ್ನ ಹೆಂಡತಿ ಕೂಡ ನನ್ನ ಮಾತನ್ನ ಅಷ್ಟು ಕೇಳಿರಲಿಲ್ಲ" ಎನ್ನುತ್ತಾನೆ ಈಗ.

ಅಷ್ಟರಲ್ಲಿ ಎರಡು ಸುದ್ದಿ ಬಂದವು. ಒಂದನ್ನು ಹೆಂಡತಿ ತಂದಳು, ಅವಳಿಗೆ ಮಗಳ ಜೊತೆ ದಿನವೂ ಫೋನಿನಲ್ಲಿ ಮಾತಿತ್ತು. ಒಂದು ತಿಂಗಳಲ್ಲಿ ಕಟ್ಟಡದ ಕೆಲಸ ಮುಗಿದು ಕ್ರೇನ್ ಬಿಚ್ಚುತ್ತಾರೆ, ಅಳಿಯನನ್ನು ಎರಡು ದಿನದ ಪ್ರಯಾಣದ ದೂರದಲ್ಲಿರುವ ಬಂದರಿನ ಕೆಲಸಕ್ಕೆ ಹಾಕಿದ್ದಾರೆ, ಗಂಡ ಹೆಂಡತಿ ಇಬ್ಬರೂ ಮನೆ ಖಾಲಿ ಮಾಡಿ ಹೊರಡುತ್ತಾರೆ. "ಹೋಗೋದ್ರೊಳಗೆ ಒಂದು ಮಾತು ಆಡಿ ಅಂತ ಕೈ ಮುಗೀತೀನಿ" ಎಂದಳು. ಕೈಮೇಸ್ತ್ರಿ ಮುಖ ಊದಿಸಿಕೊಂಡು ಕೂತ. ಮಗಳ ಮನೆ ಎರಡು ಬೀದಿ ಆಚೆ ಇದ್ದಾಗಲೇ ಹೋಗದ ಕಾಲು ಇನ್ನು ಎರಡು ದಿನದ ದಾರಿ ಹೋದೀತೇ?

ಇನ್ನೊಂದು ಸುದ್ದಿ ವಾಕಿಟಾಕಿಯದು. ಕಟ್ಟಡದ ಹಿಂಭಾಗದಲ್ಲಿ ನಿಂತರೆ ಕೈಸನ್ನೆ ಮೇಲಕ್ಕೆ ಕಾಣುತ್ತಿರಲಿಲ್ಲ, ಗೋಡೆ ಅಡ್ಡ ಬರುತ್ತಿತ್ತು. ಎಂಜಿನಿಯರ್ ಮೇಡಂ ಒಂದು ಪೆಟ್ಟಿಗೆಯಲ್ಲಿ ಆರು ವಾಕಿಟಾಕಿ ತಂದಿಟ್ಟು, "ಇದರ ವಿಷಯ ಯಾರಿಗಾದ್ರೂ ಗೊತ್ತಾ?" ಎಂದು ಕೇಳಿದರು. ಕೈಮೇಸ್ತ್ರಿಯ ಕೈ ತಾನಾಗಿಯೇ ಮೇಲೆದ್ದಿತು. "ನನಗೆ ಬಿಡಿ ಮೇಡಂ. ಇದರಲ್ಲೇ ಪಳಗಿದವನು ನಾನು." ಪಳಗಿದ್ದು ಹೇಗೆಂದರೆ, ಇಪ್ಪತ್ತು ವರ್ಷದ ಹಿಂದೆ ಒಂದು ಆಟದ ಮೈದಾನದ ಗೇಟಿನಲ್ಲಿ ಅರ್ಧ ಗಂಟೆ ಯಾರದೋ ವಾಕಿಟಾಕಿ ಹಿಡಿದುಕೊಂಡು ನಿಂತಿದ್ದ. ಅದಕ್ಕೆ ಬ್ಯಾಟರಿ ಇರಲಿಲ್ಲ.

ಪೆಟ್ಟಿಗೆ ಹೊತ್ತುಕೊಂಡು ನೆಲಮಾಳಿಗೆಯ ಸ್ಟೋರಿಗೆ ಇಳಿದ. ಅಲ್ಲಿ ಅವನ ಹಳೇ ಗೆಳೆಯ ಇದ್ದ, ಮೊಳೆ, ತಂತಿ, ಬಣ್ಣದ ಡಬ್ಬಿಗಳ ನಡುವೆ ವಾಸ. ಎಲ್ಲರೂ ಅವನನ್ನು ಸ್ಟೋರಪ್ಪ ಎನ್ನುತ್ತಿದ್ದರು. ಸ್ಟೋರಪ್ಪ ಕನ್ನಡಕ ಏರಿಸಿ ವಾಕಿಟಾಕಿಯ ಜೊತೆ ಬಂದ ಪುಸ್ತಕ ಓದುವುದು, ಕೈಮೇಸ್ತ್ರಿ ಓದಿದಂತೆ ಮಾಡುವುದು. ಬ್ಯಾಟರಿಯನ್ನು ಮೊದಲು ತಲೆಕೆಳಗಾಗಿ ತುರುಕಿದ. ಆಂಟೆನಾ ತಿರುಗಿಸಿ ಕೂರಿಸದೆ ಗುಂಡಿ ಒತ್ತಿದ. "ಏ ಏ, ಹಾಗೆ ಒತ್ತಿದ್ರೆ ಸುಟ್ಟುಹೋಗುತ್ತಂತೆ ಕಣಯ್ಯ!" ಎಂದು ಸ್ಟೋರಪ್ಪ ಕಿರುಚಿದ. ಆರನ್ನೂ ಚಾರ್ಜಿಗೆ ಇಟ್ಟು, ಕೆಂಪು ದೀಪ ಹಸಿರಾಗುವವರೆಗೆ ಇಬ್ಬರೂ ಎದುರಿಗೆ ಕೂತು ಕಾದರು. ಮೂರೂವರೆ ಗಂಟೆ ಹಿಡಿಯಿತು.

ಎಲ್ಲವನ್ನೂ ನಾಲ್ಕನೇ ಚಾನೆಲ್ಲಿಗೆ ಹಾಕಿದರು. ಮಾತಾಡುವ ಗುಂಡಿಯ ಕೆಳಗೆ ಇನ್ನೊಂದು ಪುಟ್ಟ ಗುಂಡಿಯಿತ್ತು. ಅದನ್ನು ಒತ್ತಿದರೆ ಬರೀ 'ಸರ್ರ್' ಎಂಬ ಗಲಾಟೆ. ಅದು ಯಾಕೆಂದು ಪುಸ್ತಕದಲ್ಲಿ ಅರ್ಧ ಪುಟ ಬರೆದಿತ್ತು. "ಅದನ್ನೆಲ್ಲ ಯಾರು ಓದ್ತಾರೆ" ಎಂದು ಕೈಮೇಸ್ತ್ರಿ ಆರಕ್ಕೂ ಆ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿದ.

ಕೊನೆಯ ಪುಟದಲ್ಲಿ ಖಾಸಗಿ ಕೋಡ್ ಎಂಬ ಮಾತು ಸಿಕ್ಕಿತು. ಇಬ್ಬರು ಒಂದೇ ನಂಬರಿನ ಕೋಡ್ ಹಾಕಿಕೊಂಡರೆ ಅವರಿಗೆ ಬೇರೆಯವರ ಕಾಟ ಇರುವುದಿಲ್ಲವಂತೆ. "ಅಂದ್ರೆ ನಾವಿಬ್ಬರು ಮಾತಾಡಿದ್ದು ಬೇರೆ ಯಾರಿಗೂ ಕೇಳಿಸಲ್ಲ!" ಎಂದು ಕೈಮೇಸ್ತ್ರಿ ತೊಡೆ ತಟ್ಟಿದ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಕೈಮೇಸ್ತ್ರಿ ಮೇಲೆ ಅಂಗಳದ ಹಿಂದೆ ಮರಳಿನ ರಾಶಿಯ ನೆರಳಿನಲ್ಲಿ, ಸ್ಟೋರಪ್ಪ ಕೆಳಗೆ ಸ್ಟೋರಿನಲ್ಲಿ, ಹನ್ನೆರಡನೇ ಕೋಡ್ ಹಾಕಿಕೊಂಡು ಹರಟುವುದು, ಕೆಲಸದ ಗಂಟೆ ಹೊಡೆದಾಗ ಅದನ್ನು ತೆಗೆಯುವುದು ಎಂದು ಒಪ್ಪಂದವಾಯಿತು. ಸ್ಟೋರಪ್ಪನ ಮಂಡಿಗೂ ಮೆಟ್ಟಿಲು ತಪ್ಪುತ್ತಿತ್ತು.

ಕೋಡಿನ ನಿಜವಾದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಬೇರೆಯವರ ಕಿವಿ ಮುಚ್ಚುವುದಿಲ್ಲ. ಹಾಕಿಕೊಂಡವರ ಕಿವಿಯನ್ನೇ ಮುಚ್ಚುತ್ತದೆ. ಇವರು ಆಡಿದ್ದು ನಾಲ್ಕನೇ ಚಾನೆಲ್ಲಿನಲ್ಲಿರುವ ಎಲ್ಲರಿಗೂ ಕೇಳುತ್ತದೆ. ಅವರು ಆಡಿದ್ದು ಮಾತ್ರ ಇವರಿಗೆ ಕೇಳುವುದಿಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಪಾಠ ನಡೆಯಿತು. ಒಂದು ವಾಕಿಟಾಕಿ ಆಗಲೇ ಸರಕಿನ ಬುಟ್ಟಿಯಲ್ಲಿ ಅಳಿಯನಿಗೆ ಮೇಲಕ್ಕೆ ಹೋಗಿತ್ತು. ಉಳಿದವು ಮೇಡಂ, ಕಾಂಕ್ರೀಟಿಗೆ ಹಲಗೆ ಕಟ್ಟಿಸುವ ಸೆಂಟ್ರಿಂಗ್ ಮೇಸ್ತ್ರಿ, ಗೇಟಿನ ಕಾವಲುಗಾರ, ಸ್ಟೋರಪ್ಪ ಮತ್ತು ಇವನ ಪಾಲು. ಕೈಮೇಸ್ತ್ರಿ ಇಟ್ಟಿಗೆ ರಾಶಿಯ ಮೇಲೆ ನಿಂತು ಹೇಳಿಕೊಟ್ಟ. "ಗುಂಡಿ ಒತ್ತಿ. ಒಂದು ಉಸಿರು ತಡೆದು ಮಾತಾಡಿ. ಮಾತು ಮುಗಿದ ತಕ್ಷಣ ಬೆರಳು ತೆಗೀರಿ. ಬೆರಳು ತೆಗೆದ್ರೆ ಮಾತ್ರ ಆ ಕಡೆಯವರ ಮಾತು ಬರೋದು. ಕೇಳಿಸ್ಕೊಂಡೋರು ಹೇಳಿದ್ದನ್ನೇ ತಿರುಗಿ ಹೇಳಬೇಕು. ಆಗ ಈ ಕಡೆಯವರು ಸರಿ ಅನ್ನಬೇಕು. ಅದಾದ ಮೇಲೇ ಕೆಲಸ."

ಪಾಠ ಮುಗಿಸಿ, ಎಲ್ಲರೂ ನೋಡುತ್ತಿರುವಾಗ, ಎದೆ ಉಬ್ಬಿಸಿ ಗುಂಡಿ ಒತ್ತಿದ. "ಕ್ರೇನ್, ಕ್ರೇನ್. ನೆಲ ಕರೀತಿದೆ." ಉತ್ತರವಿಲ್ಲ. ಇನ್ನೊಮ್ಮೆ ಕರೆದ. ಉತ್ತರವಿಲ್ಲ. ಕೈಮೇಸ್ತ್ರಿಗೆ ಕಿವಿ ಬಿಸಿಯಾಯಿತು. ಎರಡು ವರ್ಷಕ್ಕೆ ಮೊದಲ ಸಲ ಬಾಯಿಬಿಟ್ಟು ಕರೆದರೆ ಇಷ್ಟು ಸೊಕ್ಕೇ? "ನೋಡಿದ್ರಾ ಇವನ ಧಿಮಾಕು!" ಎಂದು ಗುಡುಗಿದ. ಸೆಂಟ್ರಿಂಗ್ ಮೇಸ್ತ್ರಿ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಬೆರಳು ತೆಗೀರಿ, ಕೈಮೇಸ್ತ್ರಿ." ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ತೆಗೆದದ್ದೇ ತಡ, ಮೇಲಿನಿಂದ ತಣ್ಣನೆಯ ದನಿ ಬಂತು. "ಕ್ರೇನ್ ಕೇಳ್ತಾ ಇದೆ. ಧಿಮಾಕಿನ ತನಕ ಎಲ್ಲಾ ಕೇಳಿಸ್ತು." ಅಂಗಳಕ್ಕೆ ಅಂಗಳವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಕೆಲಸದ ಮಾತು ಮಾತ್ರ ಸುಸೂತ್ರವಾಗಿ ನಡೆಯಿತು. "ಎಡಕ್ಕೆ ಎರಡು ಅಡಿ." "ಎಡಕ್ಕೆ ಎರಡು ಅಡಿ." "ಸರಿ." ಅಳಿಯನ ದನಿಯನ್ನು ಇಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಗಡಿಬಿಡಿಯಿಲ್ಲದ, ತೂಕದ ದನಿ. ಇಂಥವನ ಕೈಯಲ್ಲಿ ಸರಕು ಬೀಳುವುದಿಲ್ಲ ಎಂದು ಕೈಮೇಸ್ತ್ರಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮಧ್ಯಾಹ್ನ ಗಂಟೆ ಹೊಡೆದ ಕೂಡಲೇ ಮರಳಿನ ರಾಶಿಯ ಹಿಂದೆ ಕೂತು ಹನ್ನೆರಡನೇ ಕೋಡ್ ಹಾಕಿದ. ಮೊದಲ ದಿನ ಸೊಂಟದ ನೋವು, ನೀರು ನೀರಾದ ಚಹಾ, ಮೇಡಂ ಅವರ ಹೆಲ್ಮೆಟ್. "ಆಯಮ್ಮನ ತಲೆಗಿಂತ ಹೆಲ್ಮೆಟ್ ದೊಡ್ಡದು ಕಣೋ. ಆಕೆ ಈ ಕಡೆ ತಿರುಗಿದ್ರೂ ಅದು ಆ ಕಡೆನೇ ನೋಡ್ತಿರುತ್ತೆ." ಮರುದಿನ ಮೇಡಂ ಹೊಸ ಹೆಲ್ಮೆಟ್ ಹಾಕಿಕೊಂಡು ಬಂದರು, ಅಳತೆಗೆ ಸರಿಯಾದದ್ದು. ಚಹಾ ಗಟ್ಟಿಯಾಯಿತು. ಮರಳಿನ ರಾಶಿಯ ಹಿಂದೆ ಯಾರೋ ಬೆನ್ನಿರುವ ಕುರ್ಚಿ ತಂದಿಟ್ಟಿದ್ದರು. ಸೆಂಟ್ರಿಂಗ್ ಮೇಸ್ತ್ರಿಯ ಗೊರಕೆಯ ವಿಷಯ ಹೇಳಿದ ಮರುದಿನದಿಂದ ಅವನು ಊಟವಾದ ಮೇಲೆ ಮಲಗುವುದನ್ನೇ ಬಿಟ್ಟ. "ನೋಡಿದ್ಯಾ, ವಾಕಿಟಾಕಿ ಕೈಗೆ ಬಂದ್ಮೇಲೆ ಜನ ಹೇಗೆ ಮರ್ಯಾದೆ ಕೊಡ್ತಾರೆ" ಎಂದು ಕೈಮೇಸ್ತ್ರಿ ಬೀಗಿದ. ಸೆಂಟ್ರಿಂಗ್ ಮೇಸ್ತ್ರಿ ಮಲಗದಿದ್ದ ಕಾರಣ ಬೇರೆ. ಅವನ ವಾಕಿಟಾಕಿಯ ಸುತ್ತ ದಿನವೂ ನಲವತ್ತು ಜನ ಊಟದ ಡಬ್ಬಿ ಹಿಡಿದು ಕೂರುತ್ತಿದ್ದರು. ಇವನ ಹರಟೆ ಅವರಿಗೆ ಊಟದ ಜೊತೆಗಿನ ನೆಂಚಿಕೆಯಾಗಿತ್ತು.

ಮನೆಯಲ್ಲೂ ವಿಚಿತ್ರ. "ಸೊಂಟಕ್ಕೆ ಎಣ್ಣೆ ಹಚ್ಚಲೇನ್ರೀ?" ಎಂದಳು ಹೆಂಡತಿ. ಅವಳಿಗೆ ಸೊಂಟದ ವಿಷಯ ಹೇಳಿಯೇ ಇರಲಿಲ್ಲ. "ನಡೆಯೋದು ನೋಡಿದ್ರೆ ಗೊತ್ತಾಗಲ್ವೇ" ಎಂದು ಅಡುಗೆಮನೆಗೆ ಹೋಗಿಬಿಟ್ಟಳು. ಒಳಗಿನಿಂದ ನಗುವಿನಂತೆ ಏನೋ ಕೇಳಿಸಿತು. ಪಾತ್ರೆಯ ಸದ್ದಿರಬೇಕು ಎಂದುಕೊಂಡ.

ಎರಡನೇ ವಾರ ಸ್ಟೋರಪ್ಪನ ವರಸೆ ಬದಲಾಯಿತು. ಅಲ್ಲಿಯವರೆಗೆ ಹೂಂ ಹೂಂ ಎನ್ನುತ್ತಿದ್ದವನು ಈಗ ಪ್ರಶ್ನೆ ಕೇಳತೊಡಗಿದ. "ಮಗಳು ಚಿಕ್ಕವಳಿದ್ದಾಗ ಹೇಗಿದ್ಲು, ಹೇಳಯ್ಯ." "ಅವಳ ಹಸಿರು ಸೈಕಲ್ ಏನಾಯ್ತು?" ಹಸಿರು ಸೈಕಲ್ಲಿನ ವಿಷಯ ಇವನಿಗೆ ಹೇಗೆ ಗೊತ್ತು ಎಂದು ಕೈಮೇಸ್ತ್ರಿ ಯೋಚಿಸಲಿಲ್ಲ. ಕೇಳಿದವರಿಗೆ ಹೇಳುವ ಆಸೆ ಅವನಲ್ಲಿ ಎರಡು ವರ್ಷದಿಂದ ಕೊಳೆಯುತ್ತಿತ್ತು. "ಮಾರಿಬಿಟ್ಟೆ ಅಂತ ಅವಳಿಗೆ ಹೇಳಿದ್ದೆ. ಸುಳ್ಳು. ಅಟ್ಟದ ಮೇಲಿದೆ. ತಿಂಗಳಿಗೊಂದ್ಸಲ ಚೈನಿಗೆ ಎಣ್ಣೆ ಬಿಡ್ತೀನಿ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ." ಅವಳು ಸೈಕಲ್ ಕಲಿಯುವಾಗ ಹಿಂದೆ ಹಿಡಿದುಕೊಂಡು ಓಡಿದ್ದು, ಬಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಮತ್ತೂ ಮೂರು ಬೀದಿ ಹಿಡಿದೇ ಓಡಿದ್ದು, ಎಲ್ಲ ಹೇಳಿದ. ಆ ದಿನ ಸೆಂಟ್ರಿಂಗ್ ಮೇಸ್ತ್ರಿಯ ಸುತ್ತ ಕೂತಿದ್ದ ನಲವತ್ತು ಜನರಲ್ಲಿ ಯಾರೂ ನಗಲಿಲ್ಲವಂತೆ.

ದಿನಗಳು ಓಡಿದವು. ಪ್ರತಿ ಬೆಳಿಗ್ಗೆ ಕೈಮೇಸ್ತ್ರಿ ಇವತ್ತು ಮಾತಾಡಿಸುತ್ತೇನೆ ಎಂದು ಮನೆಯಿಂದ ಹೊರಡುತ್ತಿದ್ದ. ಗುಂಡಿ ಒತ್ತುತ್ತಿದ್ದ, ಒಂದು ಉಸಿರು ತಡೆಯುತ್ತಿದ್ದ, "ಬಲಕ್ಕೆ ಒಂದು ಅಡಿ" ಎನ್ನುತ್ತಿದ್ದ.

ಕೊನೆಗೆ ಮರುದಿನ ಕ್ರೇನ್ ಬಿಚ್ಚುತ್ತಾರೆ ಎನ್ನುವ ದಿನವೂ ಬಂತು. ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಕೈಮೇಸ್ತ್ರಿ ಊಟದ ಡಬ್ಬಿ ಬಿಚ್ಚಲೇ ಇಲ್ಲ.

"ನಾಳೆಗೆ ಮುಗೀತು ಕಣೋ" ಎಂದ. "ನಾನೇ ಹೋಗಿ ಮಾತಾಡಿಸಬೇಕು. ತಪ್ಪು ನಂದೇ. ಹೆದರಿಕೆ ಇತ್ತು, ಅದನ್ನ ಸಿಟ್ಟು ಅಂತ ತೋರಿಸ್ಕೊಂಡೆ. ಅವಳ ಗಂಡ ಬಂಗಾರದಂಥ ಹುಡುಗ. ಹದಿನಾಲ್ಕು ತಿಂಗಳಲ್ಲಿ ಒಂದ್ಸಲನೂ ನನ್ನ ಬೆರಳು ಮೀರಿ ಹೋಗಲಿಲ್ಲ. ಆದ್ರೆ ಈ ಹಾಳು ಬಾಯಿ ಇದ್ಯಲ್ಲ, ನಿನ್ನ ಹತ್ರ ಬಡಬಡಾಂತ ಬಡ್ಕೊಳುತ್ತೆ, ಆಡಬೇಕಾದ ಕಡೆ ಬೀಗ."

ಬೆರಳು ತೆಗೆದು ಸ್ಟೋರಪ್ಪನ ಉತ್ತರಕ್ಕೆ ಕಾದ. ಬರಲಿಲ್ಲ. ಕೈ ಬೆವರಿತ್ತು, ಗುಂಡಿಯ ಮೇಲಿನ ಕಪ್ಪು ಟೇಪು ಜಾರಿ ಅಂಗೈಗೆ ಅಂಟಿಕೊಂಡಿತ್ತು. ಮತ್ತೆ ಕರೆಯೋಣವೆಂದು ಹೆಬ್ಬೆರಳು ಒತ್ತಿದ. ಒತ್ತಿದ್ದು ಕೆಳಗಿನ ಪುಟ್ಟ ಗುಂಡಿಯನ್ನು. ಪುಸ್ತಕದಲ್ಲಿ ಅರ್ಧ ಪುಟ ಬರೆದಿದ್ದರಲ್ಲ, ಅದು ಇದಕ್ಕೆ. ಆ ಗುಂಡಿ ಒತ್ತಿ ಹಿಡಿದರೆ ಕೋಡ್ ಹಾಕಿದ್ದರೂ ಚಾನೆಲ್ಲಿನಲ್ಲಿ ಯಾರು ಮಾತಾಡುತ್ತಿದ್ದಾರೋ ಅದೆಲ್ಲ ಕೇಳುತ್ತದೆ.

ಸರ್ರ್ ಎಂದಿತು. ಆಮೇಲೆ ಒಂದು ದನಿ.

"...ಅಪ್ಪಾ. ಇವತ್ತಾದ್ರೂ ಕೇಳಿಸ್ತಾ ಇದ್ಯಾ ಅಪ್ಪಾ?"

ಕೈಮೇಸ್ತ್ರಿಯ ಬೆರಳು ಅಲ್ಲೇ ಕಲ್ಲಾಯಿತು.

"ಕೇಳಿಸಲ್ಲಮ್ಮಾ" ಎಂದಿತು ಸೆಂಟ್ರಿಂಗ್ ಮೇಸ್ತ್ರಿಯ ದನಿ. "ಕೋಡ್ ಹಾಕ್ಕೊಂಡು ಕೂತಿದಾರೆ. ದಿನಾ ಕರೀತೀಯ, ಆಯಪ್ಪನಿಗೆ ಕೇಳಿಸ್ತಿಲ್ಲ."

"ಯಾರಾದ್ರೂ ಹೋಗಿ ಹೇಳಬಾರದೇ?" ಅದು ಮೇಡಂ.

"ಬೇಡ ಮೇಡಂ" ಎಂದಳು ಮಗಳು. ಅಳಿಯ ಮೇಲೆ ಕೂತು ಫೋನನ್ನು ವಾಕಿಟಾಕಿಗೆ ಹಿಡಿದಿರಬೇಕು, ದನಿ ಡಬ್ಬಿಯೊಳಗಿಂದ ಬಂದಂತಿತ್ತು. "ಹೇಳಿದ್ರೆ ನಾಚ್ಕೊಂಡು ಮಾತೇ ನಿಲ್ಲಿಸಿಬಿಡ್ತಾರೆ. ನಂಗೆ ನಮ್ಮಪ್ಪ ಗೊತ್ತು. ಮೂರು ವಾರ ದಿನಾ ಅವರ ದನಿ ಕೇಳಿದೆ. ನಾನು ಹೇಳಿಕಳಿಸಿದ್ದನ್ನೆಲ್ಲ ಸ್ಟೋರ್ ಮಾಮ ಕೇಳಿದ್ರು. ಸೈಕಲ್ ಇದೆ ಅಂತ ಗೊತ್ತಾಯ್ತು. ಅಷ್ಟು ಸಾಕು."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನಿಸಿತು ಕೈಮೇಸ್ತ್ರಿಗೆ. ಹೆಲ್ಮೆಟ್, ಗೊರಕೆ, ಚಹಾ, ಸೊಂಟ, ಒಂದೊಂದೇ ನೆನಪಾಗಿ ಮೈ ಕುಗ್ಗಿತು. ಮೂರು ವಾರ ಮಗಳು ಕರೆದಿದ್ದಳು. ಇಡೀ ಕಟ್ಟಡಕ್ಕೆ ಕೇಳಿಸಿತ್ತು. ಕಿವಿಗೆ ಬೀಗ ಜಡಿದುಕೊಂಡು ಕೂತವನು ತಾನೊಬ್ಬನೇ. ಅವಮಾನಕ್ಕೆ ಅಳಬೇಕೋ, ಸಂತೋಷಕ್ಕೆ ಅಳಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಅತ್ತ.

ಆಮೇಲೆ ಎದ್ದ. ಕೋಡನ್ನು ಸೊನ್ನೆಗೆ ತಂದ. ಮರಳಿನ ರಾಶಿ ಬಳಸಿಕೊಂಡು, ಗೂಡು ಕಾಣುವಂತೆ ಅಂಗಳದ ನಡುವೆ ಬಂದು ನಿಂತ. ಗುಂಡಿ ಒತ್ತಿ ಒಂದು ಉಸಿರು ತಡೆದ.

"ಕ್ರೇನ್, ಕ್ರೇನ್. ನೆಲ ಕರೀತಿದೆ. ಇವತ್ತು ಸಂಜೆ ಮನೆಗೆ ಬನ್ನಿ. ಇಬ್ಬರೂ. ಊಟಕ್ಕೆ."

ಕಾದ. ಉತ್ತರವಿಲ್ಲ. ಇನ್ನೂ ಕಾದ. ಬರುವುದಿಲ್ಲ, ಯಾಕಾದರೂ ಬರಬೇಕು, ಎರಡು ವರ್ಷ ಬಾಗಿಲು ಹಾಕಿದವನ ಮನೆಗೆ ಯಾರು ಬರುತ್ತಾರೆ ಎಂದುಕೊಂಡ. ಆಗ ನಾಲ್ಕನೇ ಅಂತಸ್ತಿನಿಂದ, ಒಂಬತ್ತನೇ ಅಂತಸ್ತಿನಿಂದ, ಗೇಟಿನ ಕಡೆಯಿಂದ, ವಾಕಿಟಾಕಿ ಇದ್ದವರು ಇಲ್ಲದವರು ಎಲ್ಲರೂ ಒಟ್ಟಿಗೆ ಕೂಗಿದರು.

"ಕೈಮೇಸ್ತ್ರೀ, ಬೆರಳು ತೆಗೀರೀ!"

ತೆಗೆದ.

"ಇವತ್ತು ಸಂಜೆ ಮನೆಗೆ. ಇಬ್ಬರೂ. ಊಟಕ್ಕೆ" ಎಂದು ಮಗಳ ದನಿ ತಿರುಗಿ ಹೇಳಿತು, ಅವನೇ ಹೇಳಿಕೊಟ್ಟ ನಿಯಮದಂತೆ. ಅವಳು ಅಳುತ್ತಿದ್ದಳು. "ಸರಿಯಾ ಅಪ್ಪಾ?"

ಸರಿ ಎನ್ನಬೇಕಿತ್ತು. ಎರಡು ಅಕ್ಷರ. ಬಾಯಿ ಕೈಕೊಟ್ಟಾಗ ಅವನಿಗೆ ಗೊತ್ತಿದ್ದದ್ದು ಒಂದೇ. ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿ, ತೋಳು ಚಾಚಿ, ತೋರುಬೆರಳನ್ನು ಕೆಳಗೆ ಮಾಡಿ ಸುತ್ತಿಸಿದ. ಇಳಿಸು.

ಮೇಲಿನಿಂದ ಅಳಿಯನ ದನಿ ಬಂತು. ಮೊದಲ ಬಾರಿಗೆ ಅದರಲ್ಲಿ ತೂಕ ತಪ್ಪಿತ್ತು. "ಮಾವ ಇಳಿಸು ಅಂತ ಸನ್ನೆ ಮಾಡ್ತಾ ಇದಾರೆ. ಕೊಕ್ಕೆಯಲ್ಲಿ ಸರಕು ಏನೂ ಇಲ್ಲ. ನನ್ನನ್ನೇ ಇರಬೇಕು. ಇಳೀತಾ ಇದೀನಿ."

ಗೂಡಿನ ಬಾಗಿಲು ತೆರೆಯಿತು. ಎಪ್ಪತ್ತು ಮೀಟರ್ ಏಣಿ. ಕೆಲಸದ ಗಂಟೆ ಹೊಡೆಯಬೇಕಾದವನು ಮೇಡಂ ಮುಖ ನೋಡಿದ, ಮೇಡಂ ಬೇಡ ಎಂದು ತಲೆಯಾಡಿಸಿದರು. ಕೈಮೇಸ್ತ್ರಿಯ ತೋಳು ಸೋತು ಬಂತು, ಭುಜ ಉರಿಯಿತು, ಕಣ್ಣಿನಿಂದ ಇಳಿದದ್ದು ಮೀಸೆಯವರೆಗೆ ಬಂದರೂ ಒರೆಸಲಿಲ್ಲ. ಬೆರಳು ಸುತ್ತುತ್ತಲೇ ಇತ್ತು. ಅಳಿಯನ ಎರಡೂ ಕಾಲು ನೆಲಕ್ಕೆ ಊರಿದ ಮೇಲೆಯೇ ಅವನು ಮುಷ್ಟಿ ಬಿಗಿದದ್ದು.

"ಎದುರಿಗೆ ಬಂದ್ಮೇಲೆ ಏನು ಹೇಳಿದ್ರಿ?" ಎಂದು ಕಥೆ ಕೇಳಿದವರೆಲ್ಲ ಕೇಳುತ್ತಾರೆ.

"ಏನು ಹೇಳೋದು? ಊಟ ಆಯ್ತಾ ಅಂದೆ" ಎನ್ನುತ್ತಾನೆ ಕೈಮೇಸ್ತ್ರಿ. "ಡಬ್ಬಿ ಮೇಲೇ ಬಿಟ್ಟು ಬಂದಿದ್ದ. ನನ್ನ ಡಬ್ಬಿ ಬಿಚ್ಚಿದೆ. ಇಬ್ಬರೂ ತಿಂದ್ವಿ."